ಆಧುನಿಕ ವೆಸ್ಟರ್ನ್ ಚಿತ್ರಗಳು: ಒಂದು ಪರಿಚಯ

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪಶ್ಚಿಮ ಪ್ರಾಂತ್ಯಗಳನ್ನೂ ಅಲ್ಲಿನ ಕುದುರೆ ಸವಾರರು, ಷೆರಿಫರು, ದರೋಡೆಕೋರರು ಹಾಗೂ ಮೂಲನಿವಾಸಿಗಳನ್ನೂ ಕುರಿತ ಚಲನಚಿತ್ರಗಳಿಗೆ 'ವೆಸ್ಟರ್ನ್' ಎಂದು ಹೆಸರು. ನಮ್ಮವರ ಬಾಯಲ್ಲಿ ಇವು 'ಕೌಬಾಯ್ ಚಿತ್ರ'ಗಳು. ಚೆನ್ನೈಗೆ ಇವು ಅಪರಿಚಿತವಲ್ಲ. 1969ರ 'ಮೆಕೆನ್ನಾಸ್ ಗೋಲ್ಡ್' ಇಲ್ಲಿ ಮತ್ತೆ ಮತ್ತೆ ತೆರೆಕಂಡಿತು. ಕಾಲೇಜಿನ ದಿನಗಳಲ್ಲಿ ನಾವೂ ಅದನ್ನು ನೋಡಿ ಬೆರಗಾದವರೇ. 1971ರಲ್ಲಿ ಕೃಷ್ಣ ನಟಿಸಿದ ತೆಲುಗು ಚಿತ್ರ 'ಮೋಸಗಾಳ್ಳಕು ಮೋಸಗಾಡು', ಮರುವರ್ಷ ಜೈಶಂಕರ್ ಅವರ ತಮಿಳು ಚಿತ್ರ 'ಗಂಗಾ' ಬಂದವು. ಮೊದಲನೆಯದನ್ನು ನಿರ್ದೇಶಿಸಿದ ಕೆ.ಎಸ್.ಆರ್. ದಾಸ್ ಅವರೇ ಕನ್ನಡದ 'ಕಳ್ಳ ಕುಳ್ಳ'ದ (1975) ನಿರ್ದೇಶಕರು.

ಆ ಕಾಲದ ಇಂತಹ ಚಿತ್ರಗಳಲ್ಲಿ ಗುಂಡಿಗೆ ಲೆಕ್ಕವಿರಲಿಲ್ಲ. ಬಿದ್ದವನು ಯಾರು, ಅವನಿಗಾಗಿ ಅತ್ತವರು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಬ್ಯಾಂಕಿನಲ್ಲಿ ಖರ್ಚಿಗೆ ಚೀಟಿ ಕೇಳಿ ರೂಢಿಯಾದ ನಮಗೆ ಆಧುನಿಕ ವೆಸ್ಟರ್ನ್ ಹಿಡಿಸಿದ್ದು ಈ ಕಾರಣಕ್ಕೇ: ಅಲ್ಲಿ ಪ್ರತಿಯೊಂದು ಸಾವಿಗೂ ಲೆಕ್ಕ ಒಪ್ಪಿಸಬೇಕು.

ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿ ನಟಿಸಿದ 'ಅನ್‌ಫರ್ಗಿವನ್' (1992) ಇದಕ್ಕೆ ಶ್ರೇಷ್ಠ ನಿದರ್ಶನ. ನಾಯಕ ವಿಲಿಯಂ ಮನಿ ಒಂದು ಕಾಲದ ಕ್ರೂರ ಕೊಲೆಗಾರ. ಈಗ ಹಂದಿ ಸಾಕಿ ಇಬ್ಬರು ಮಕ್ಕಳನ್ನು ಸಲಹುತ್ತಿರುವ ವಿಧುರ. ಹಣದಾಸೆಗೆ ಮತ್ತೆ ಹೊರಟಾಗ ಕುದುರೆ ಏರಲಾರ. ಪಿಸ್ತೂಲಿನಿಂದ ಎದುರಿನ ಡಬ್ಬಿಗೂ ಗುರಿಯಿಡಲಾರ. ಜೊತೆಗಿರುವ ತರುಣ ತಾನು ಐವರನ್ನು ಕೊಂದವನೆಂದು ಜಂಬ ಕೊಚ್ಚುತ್ತಾನೆ. ನಿಜವಾಗಿ ಒಬ್ಬನನ್ನು ಕೊಂದ ಮೇಲೆ, ಮರದಡಿ ಕುಳಿತು ಅಳುತ್ತಾ, ಅದೇ ತನ್ನ ಮೊದಲ ಕೊಲೆಯೆಂದು ಒಪ್ಪಿಕೊಳ್ಳುತ್ತಾನೆ. ವೆಸ್ಟರ್ನ್ ಚಿತ್ರಗಳ ಅರ್ಧ ಶತಮಾನದ ಜಂಬವೇ ಅಲ್ಲಿ ಕರಗಿತೆಂದು ನಮಗೆ ಅನಿಸುತ್ತದೆ. ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನ ಸೇರಿ ನಾಲ್ಕು ಆಸ್ಕರ್‌ಗಳು ಇದಕ್ಕೆ ಸಂದವು.

ಏಳು ಆಸ್ಕರ್ ಪಡೆದ ಕೆವಿನ್ ಕಾಸ್ಟ್‌ನರ್ ಅವರ 'ಡಾನ್ಸಸ್ ವಿತ್ ವುಲ್ವ್ಸ್' (1990) ಹೊರನಾಡ ಕನ್ನಡಿಗರು ನೋಡಲೇಬೇಕಾದ ಚಿತ್ರ. ಸೈನಿಕನೊಬ್ಬ ತಲೆಯ ಮೇಲೆ ಬೆರಳುಗಳಿಂದ ಕೊಂಬು ಮಾಡಿ ಕಾಡೆಮ್ಮೆಯನ್ನು ನಟಿಸಿ ತೋರಿಸಿ, ಅದಕ್ಕೆ ಲಕೋಟಾ ಭಾಷೆಯ ಪದವನ್ನು ಕಲಿಯುತ್ತಾನೆ. ಮೊದಮೊದಲು ಇಲ್ಲಿನ ತರಕಾರಿ ಅಂಗಡಿಯಲ್ಲಿ ಕೈಸನ್ನೆ ಮಾಡಿದವರಿಗೆ ಆ ದೃಶ್ಯವನ್ನು ವಿವರಿಸಬೇಕಿಲ್ಲ! ಕೋಯೆನ್ ಸಹೋದರರ 'ನೋ ಕಂಟ್ರಿ ಫಾರ್ ಓಲ್ಡ್ ಮೆನ್' (2007) ನಡೆಯುವುದು 1980ರಲ್ಲಿ. ಕೆಡುಕನ್ನು ತಡೆಯಲಾಗದ ವೃದ್ಧ ಷೆರಿಫ್ ನಿವೃತ್ತನಾಗುತ್ತಾನೆ. ಮಕ್ಕಳೊಡನೆ ನೋಡತಕ್ಕದ್ದಲ್ಲ.

ಇನ್ನು, ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ 'ಶೋಲೆ'ಯನ್ನು (1975) ಬಿಡುವುದೆಂತು? ಅದರ ಮೂಲ ಅಂತ್ಯದಲ್ಲಿ ಠಾಕೂರ್ ಗಬ್ಬರ್‌ನನ್ನು ಕೊಲ್ಲುತ್ತಾನೆ. ಸೆನ್ಸಾರ್ ಮಂಡಳಿ ಒಪ್ಪದ ಕಾರಣ ಪೊಲೀಸರು ಬಂದು ಬಂಧಿಸುವ ದೃಶ್ಯವನ್ನು ಸೇರಿಸಲಾಯಿತು. 2025ರಲ್ಲಿ, ಪುನಶ್ಚೇತನಗೊಂಡ ಪ್ರತಿಯಲ್ಲಿ ಮೂಲ ಅಂತ್ಯ ಮರಳಿತು. ಅಲ್ಲಿ ಸೇಡು ತೀರಿಸಿಕೊಂಡ ಠಾಕೂರ್ ಬೀಗುವುದಿಲ್ಲ, ಅಳುತ್ತಾನೆ.