ಬೆಳ್ಳಿಯ ಒಂದು ಹನಿ

ಬಾಣಂತನ ಮುಗಿಸಿ ಕೂಸಿನೊಡನೆ ಹೊರಟ ಮಗಳ ಚೀಲದಲ್ಲಿ ಬೆಳ್ಳಿಯ ಒಳಲೆಯೊಂದನ್ನು ಇಟ್ಟು ಕಳಿಸುವುದು ನಮ್ಮ ಹಲವು ತವರುಮನೆಗಳ ರೂಢಿ. ವೈದ್ಯಶಾಸ್ತ್ರದಲ್ಲಿಯೂ ಬೆಳ್ಳಿಗೂ ಹಸುಗೂಸಿಗೂ ಹಳೆಯ ನಂಟಿದೆ. ಆ ಕಥೆ ಜರ್ಮನಿಯ ಲೈಪ್‌ಜಿಗ್ ನಗರದ ಹೆರಿಗೆ ಆಸ್ಪತ್ರೆಯದು.

ಅಲ್ಲಿ ಹುಟ್ಟುತ್ತಿದ್ದ ಸುಮಾರು ಹತ್ತು ಕೂಸುಗಳಲ್ಲಿ ಒಂದಕ್ಕೆ ಕಣ್ಣು ಕೀವುಗಟ್ಟುತ್ತಿತ್ತು. ಹೆರಿಗೆಯ ವೇಳೆ ತಾಯಿಯಿಂದ ತಗಲುವ ಗೊನೊರಿಯಾ ಸೋಂಕು ಅದಕ್ಕೆ ಕಾರಣ. ಎಷ್ಟೋ ಮಕ್ಕಳು ದೃಷ್ಟಿ ಕಳೆದುಕೊಳ್ಳುತ್ತಿದ್ದರು. 1880ರಲ್ಲಿ ಡಾ. ಕಾರ್ಲ್ ಕ್ರೆಡೆ, ಹುಟ್ಟಿದ ಪ್ರತಿ ಮಗುವಿನ ಕಣ್ಣಿಗೂ ಶೇ. 2ರ ಸಿಲ್ವರ್ ನೈಟ್ರೇಟ್ ದ್ರಾವಣದ ಒಂದು ಹನಿ ಬಿಡುವ ಪದ್ಧತಿ ತಂದರು. ಸೋಂಕು ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು.

ಅವರ ಮಗ, ಶಸ್ತ್ರವೈದ್ಯ ಬೆನ್ನೋ ಕ್ರೆಡೆ, 1890ರ ದಶಕದಲ್ಲಿ ಕೊಲಾರ್ಗಾಲ್ ಎಂಬ ಔಷಧವನ್ನು ಬಳಕೆಗೆ ತಂದರು. ಅದರಲ್ಲಿದ್ದದ್ದು ಅತಿ ಸೂಕ್ಷ್ಮ ಬೆಳ್ಳಿಯ ಕಣಗಳು. ಇಂದಿನ ಮಾತಿನಲ್ಲಿ ಅದೇ ನ್ಯಾನೋ ಬೆಳ್ಳಿ. ಆ ಹೆಸರು ಮಾತ್ರ ಆಗ ಹುಟ್ಟಿರಲಿಲ್ಲ. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಕಣ ಚಿಕ್ಕದಾದಷ್ಟೂ ಅಷ್ಟೇ ತೂಕದ ಬೆಳ್ಳಿಗೆ ಹೊರಮೈ ಹೆಚ್ಚು. ಅದರಿಂದ ಹೊರಬರುವ ಬೆಳ್ಳಿಯ ಅಯಾನುಗಳು ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸುತ್ತವೆ, ಒಳಗಿನ ಪ್ರೋಟೀನುಗಳಿಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತವೆ. ಒಮ್ಮೆಗೇ ಹಲವು ಕಡೆ ಪೆಟ್ಟು!

ಪೆನಿಸಿಲಿನ್ ಬಂದ ಮೇಲೆ ಬೆಳ್ಳಿ ಹಿಂದೆ ಸರಿಯಿತು. ಆದರೆ 1945ರ ನೊಬೆಲ್ ಉಪನ್ಯಾಸದಲ್ಲೇ ಅಲೆಕ್ಸಾಂಡರ್ ಫ್ಲೆಮಿಂಗ್, ಸಾಲದಷ್ಟು ಔಷಧ ಕೊಟ್ಟರೆ ರೋಗಾಣು ಅದಕ್ಕೆ ಬಗ್ಗದಂತಾಗುತ್ತದೆ ಎಂದು ಎಚ್ಚರಿಸಿದ್ದರು. ಹಾಗೆಯೇ ಆಯಿತು. 1960ರ ದಶಕದಲ್ಲಿ ಸುಟ್ಟಗಾಯದ ಚಿಕಿತ್ಸೆಗೆ ಬೆಳ್ಳಿ ಮರಳಿ ಬಂತು: ಮೊದಲು ಸಿಲ್ವರ್ ನೈಟ್ರೇಟ್, 1968ರಲ್ಲಿ ಸಿಲ್ವರ್ ಸಲ್ಫಾಡೈಯಾಜಿನ್ ಮುಲಾಮು. ಈಗ ಗಾಯಕ್ಕೆ ಕಟ್ಟುವ ನ್ಯಾನೋ ಬೆಳ್ಳಿಯ ಪಟ್ಟಿಗಳೂ ಇವೆ.

ಹಾಗಾದರೆ ಗೆದ್ದೆವೇ? ಇಲ್ಲ. ಅಮೆರಿಕದ ಬಾಸ್ಟನ್ನಿನ ಸುಟ್ಟಗಾಯದ ವಾರ್ಡೊಂದರಲ್ಲಿ ಬೆಳ್ಳಿಗೂ ಜಗ್ಗದ ಸಾಲ್ಮೊನೆಲ್ಲಾ ಕಾಣಿಸಿಕೊಂಡು ರೋಗಿಗಳು ಸತ್ತ ಸಂಗತಿ 1975ರಲ್ಲಿ ವರದಿಯಾಯಿತು. ಬೆಳ್ಳಿಯನ್ನು ಹೊರದಬ್ಬುವ ಅದರ ಜೀನುಗಳನ್ನು 1999ರಲ್ಲಿ ಷಿಕಾಗೋದ ವಿಜ್ಞಾನಿಗಳು ವಿವರಿಸಿದರು. ಅವು ಇದ್ದದ್ದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಡಿಎನ್‌ಎ ತುಣುಕಿನಲ್ಲಿ. ಆಂಪಿಸಿಲಿನ್, ಟೆಟ್ರಾಸೈಕ್ಲಿನ್‌ಗಳನ್ನು ಸೋಲಿಸುವ ಜೀನುಗಳೂ ಅದೇ ತುಣುಕಿನಲ್ಲಿದ್ದವು.

ಇಂದು ಕಾಲುಚೀಲಕ್ಕೂ ನ್ಯಾನೋ ಬೆಳ್ಳಿ ಬಂದಿದೆ. ಒಗೆದಾಗ ಅದರ ಒಂದಷ್ಟು ಪಾಲು ಮೋರಿ ಸೇರುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಬೆಳ್ಳಿಯ ಪರಿಚಯವಾಗುತ್ತದೆ. ಸುಟ್ಟಗಾಯದ ರೋಗಿಗೆ ಬೇಕಾದ ಮದ್ದನ್ನು ಕಾಲಿನ ಬೆವರು ವಾಸನೆಗೆ ಖರ್ಚು ಮಾಡಬೇಕೇ? ಅಂಗಡಿಯಲ್ಲಿ ಆರಿಸುವವರು ನಾವೇ ತಾನೆ. ಕ್ರೆಡೆ ಬಿಟ್ಟದ್ದು ಒಂದೇ ಹನಿ, ಅದೂ ಬೇಕಾದ ಹೊತ್ತಿನಲ್ಲಿ.