ಕಂಬಳಿಗಿಲ್ಲದ ಮೈಲಿಗಿ

ಮೊನ್ನೆ ಉಗರಗೋಳದಾಗ ಒಂದು ಹೊಲದ ಬದುವಿನ ಮ್ಯಾಲೆ ಕುಂತು ಕುರಿಗಳ ಉಣ್ಣಿ ಕತ್ತರಿಸೋದನ್ನ ನೋಡಿದೆ. ಸಣ್ಣ ಹಿಂಡು, ಮೂವತ್ತು ಕುರಿ ಇರಬಹುದು. ಹಿಂದಿನ ದಿನವೇ ಹಳ್ಳಕ್ಕಿಳಿಸಿ ಮೈ ತೊಳೆದಿದ್ದರು. ಕಾಲು ಕಟ್ಟಿ, ಮಗ್ಗಲಿಗೆ ಕೆಡವಿ ಕತ್ತರಿ ಆಡಿಸುತ್ತಿದ್ದರು. ಸಂಜಿ ಹೊತ್ತಿಗೆ ಕರಿ ಉಣ್ಣಿಯ ದೊಡ್ಡ ಗುಂಪಿ ಬಿತ್ತು.

"ಇದನ್ನ ಯಾರು ಒಯ್ತಾರ?" ಅಂದೆ.

"ಯಾರೂ ಒಯ್ಯಂಗಿಲ್ಲ ಅಣ್ಣಾರ. ಕತ್ತರಿಸಿದ ಕೂಲಿನೂ ಹುಟ್ಟಂಗಿಲ್ಲ. ಬದುವಿಗೆ ಚೆಲ್ಲತೀವಿ."

ನಮ್ಮ ದಖ್ಖನಿ ಕುರಿಯ ಉಣ್ಣಿ ಒರಟು. ಮೈಗೆ ಚುಚ್ಚತದ, ಖರೆ. ಆದರ ಚಳಿ, ಮಳಿ ಎರಡನ್ನೂ ತಡೀತದ. ಒಂದು ಕಾಲಕ್ಕ ಈ ಉಣ್ಣಿಯ ಕಂಬಳಿ ಮಿಲಿಟರಿಗೂ ಹೋಗತಿತ್ತು. ಹೆಣ್ಣುಮಕ್ಕಳು ನೂಲುತ್ತಿದ್ದರು, ಕುಣಿಮಗ್ಗದಾಗ ನೇಯುತ್ತಿದ್ದರು, ಹುಣಸೆಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುತ್ತಿದ್ದರು. ಆಮೇಲೆ ಪಾಣಿಪತ್ತದ ಅಗ್ಗದ ಹೊದಿಕಿ ಬಂತು, ಅಕ್ರಿಲಿಕ್ ಬಂತು. ಮಗ್ಗ ನಿಂತವು.

ಈ ಕಥಿಯನ್ನ ಎಲ್ಲರೂ ಹೇಳತಾರ. ನಾನು ಹೇಳಬೇಕಾದ್ದು ಕುರಿ ಹಿಡಿದವರ ಕಥಿ.

ನಮ್ಮ ಮುತ್ತ್ಯಾ ಉಣ್ಣಿ ಕತ್ತರಿಸೋ ದಿನ ಕುರಿ ಹಿಡಿಯಾಕ ಹೋಗತಿದ್ದ. ಕುರಿ ಒದ್ದರ ಅವನಿಗೇ. ಕತ್ತರಿ ತಾಗಿ ತೊಗಲು ಹರಿದರ ಬೇವಿನೆಣ್ಣಿ ಹಚ್ಚೋನೂ ಅವನೇ. ಕೂಲಿ ಅಂದ್ರ ಒಂದಿಷ್ಟು ಜ್ವಾಳ, ಮತ್ತ ಹೊಟ್ಟಿ-ಕಾಲಿನ ತುಂಡು ಉಣ್ಣಿ. ಬೆನ್ನಿನ ಉದ್ದ ಉಣ್ಣಿ ಮಾಲೀಕನದು. ಮಧ್ಯಾಹ್ನದ ರೊಟ್ಟಿ ಮ್ಯಾಲಿಂದ ಕೈಗೆ ಬೀಳತಿತ್ತು, ನೀರು ಬೊಗಸಿಗೆ. ಅದೇ ಕೈ ಹಿಡಿದ ಕುರಿಯ ಉಣ್ಣಿ ಕಂಬಳಿ ಆಗಿ ದೇವರ ಗದ್ದಿಗಿಗೆ ಹಾಸಲಿಕ್ಕೆ ಹೋಗತಿತ್ತು! ಮಡಿ ಮಾಡೋ ಮನೆಯೊಳಗೂ ಹತ್ತಿ ಅರಿವಿಗೆ ಮೈಲಿಗಿ, ಉಣ್ಣಿಗಿಲ್ಲ.

ಇದು ಹಳ್ಳಿಯ ಮೂಢರು ಮಾಡಿದ್ದಲ್ಲ, ಬರೆದಿಟ್ಟದ್ದು. ಮನುಸ್ಮೃತಿಯ 5ನೇ ಅಧ್ಯಾಯದಾಗ ಉಣ್ಣೆ ಬಟ್ಟೆಗೆ ಕ್ಷಾರದ ಮಣ್ಣು, ಕಂಬಳಿಗೆ ಅಂಟುವಾಳದ ಕಾಯಿ ಅಂತ ಶುದ್ಧಿಯ ವಿಧಾನ ಅದ. ಚಂಡಾಲನನ್ನ ಮುಟ್ಟಿದವರಿಗೆ ಸ್ನಾನ ಸಾಕು. ಚಂಡಾಲನ ಮೈ ಶುದ್ಧ ಆಗೋದಕ್ಕೆ? ಯಾವ ಕಾಯಿಯೂ ಇಲ್ಲ. 10ನೇ ಅಧ್ಯಾಯದಾಗ ಅವನಿಗೆ ಊರ ಹೊರಗಿನ ವಾಸ, ಹೆಣದ ಬಟ್ಟೆ. 1927ರ ಡಿಸೆಂಬರ್ 25ರಂದು ಮಹಾಡದಾಗ ಬಾಬಾಸಾಹೇಬರ ನೇತೃತ್ವದಾಗ ಸುಟ್ಟದ್ದು ಈ ಪುಸ್ತಕವನ್ನೇ.

ಆಗ ನಮ್ಮ ಬೆಳಗಾವಿ ಜಿಲ್ಲಾ ಮುಂಬಯಿ ಪ್ರಾಂತ್ಯದಾಗಿತ್ತು. ಊರ ಚಾಕರಿಯನ್ನ ವಂಶಕ್ಕೆ ಕಟ್ಟಿಹಾಕಿದ 1874ರ ವತನ ಕಾಯ್ದೆ ನಮ್ಮ ಓಣಿಗೂ ಲಾಗೂ. ಅದನ್ನ ತಿದ್ದಲಿಕ್ಕೆ ಬಾಬಾಸಾಹೇಬರು 1928ರಾಗ ಮುಂಬಯಿ ವಿಧಾನ ಪರಿಷತ್ತಿನಾಗ ಮಸೂದೆ ತಂದರು. ಅದು ಪಾಸಾಗಲಿಲ್ಲ. ನಾವು ಮೈಸೂರು ರಾಜ್ಯಕ್ಕ ಸೇರಿದ ಮ್ಯಾಲೆ, 1961ರಾಗ ಗ್ರಾಮ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆ ಬಂತು. ಕಾಗದದ ಮ್ಯಾಲೆ ಬಿಟ್ಟಿ ಚಾಕರಿ ಮುಗೀತು. ಮುತ್ತ್ಯಾ ಆಮೇಲೂ ಕುರಿ ಹಿಡಿಯಾಕ ಹೋಗೇ ಹೋದ, ಬೊಗಸಿಯಾಗೇ ನೀರು ಕುಡಿದ.

ಕುರುಬರ ಮ್ಯಾಲೆ ಸಿಟ್ಟಿಗೆ ಇದನ್ನ ಬರೀತಿಲ್ಲ. ಮಳಿಯಾಗ, ಬಿಸಿಲಾಗ ಹಿಂಡಿನ ಹಿಂದ ತಿರುಗಿದ ಜನ ಅವರು. ಅವರ ದುಡಿಮಿಯೂ ಇವತ್ತು ಬದುವಿನ ಮ್ಯಾಲೇ ಬಿದ್ದದ.

ಮೊನ್ನೆ ಆ ಹುಡುಗರು ತಮ್ಮ ಲೋಟದಾಗೇ ನನಗ ಚಾ ಕೊಟ್ಟರು. ಬರೋವಾಗ ಒಂದು ಚೀಲ ಉಣ್ಣಿ ಕೇಳಿದೆ, ರೊಕ್ಕ ಎಷ್ಟು ಅಂದೆ. ನಕ್ಕರು.

"ಹಂಗ ಒಯ್ಯಿರಿ ಅಣ್ಣಾರ, ಬೆನ್ನಿಂದು ಚಲೋ ಅದ, ಅದನ್ನೇ ತುಂಬಕೋರಿ."

ಮುತ್ತ್ಯಾಗ ಬೆನ್ನಿನ ಉಣ್ಣಿ ಯಾರೂ ಕೊಟ್ಟಿರಲಿಲ್ಲ.