ಮಾಲಾರ್ತಿಕ್, ಹಿಪೊಲಿಟ್ ದ

1730-1800. ಫ್ರೆಂಚ್ ಸೇನಾಧಿಕಾರಿ, ಐಲ್ ದ ಫ್ರಾನ್ಸ್ (ಇಂದಿನ ಮಾರಿಷಸ್) ದ್ವೀಪದ ಗವರ್ನರ್ ಜನರಲ್ (1792-1800). ಜನನ ಫ್ರಾನ್ಸಿನ ಮೊಂತೊಬಾನ್‌ನಲ್ಲಿ. ಸಪ್ತವಾರ್ಷಿಕ ಯುದ್ಧದ ಕಾಲದಲ್ಲಿ ಕೆನಡದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ. ಗುಲಾಮಗಿರಿಯ ರದ್ದತಿಯನ್ನು ಜಾರಿಗೆ ತರಲು 1796ರಲ್ಲಿ ಪ್ಯಾರಿಸ್ಸಿನಿಂದ ಬಂದ ಪ್ರತಿನಿಧಿಗಳನ್ನು ಇವನ ಆಡಳಿತದಲ್ಲಿ ದ್ವೀಪದಿಂದ ಹೊರಹಾಕಲಾಯಿತು. 1798ರ ಜನವರಿಯಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ಸೇನಾ ನೆರವು ಕೋರಿದಾಗ, ಕಳುಹಿಸಲು ಸಾಕಷ್ಟು ಸೈನ್ಯವಿಲ್ಲದೆ, ಜನವರಿ 30ರಂದು ಬಹಿರಂಗ ಘೋಷಣೆ ಹೊರಡಿಸಿ ಸ್ವಯಂಸೇವಕರನ್ನು ಆಹ್ವಾನಿಸಿದ. ಸುಮಾರು ನೂರು ಮಂದಿ ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದರು. ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಘೋಷಣೆಯನ್ನು ನಾಲ್ಕನೆಯ ಮೈಸೂರು ಯುದ್ಧಕ್ಕೆ ಕಾರಣವಾಗಿ ಮುಂದಿಟ್ಟ. 1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ವಶವಾಗಿ ಟಿಪ್ಪು ಮಡಿದ. ಮಾಲಾರ್ತಿಕ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ. ಇವನ ಸಮಾಧಿ ಪೋರ್ಟ್ ಲೂಯಿಯ ಷಾಂ ದ ಮಾರ್ಸ್ ಮೈದಾನದಲ್ಲಿದೆ.